ಮುದ್ರಣಕ್ಕೆ ಒಗ್ಗದ ಪಠ್ಯ: ಬಾಬ್ ಡಿಲನ್‌ನ ಮುಪ್ಪಿನ ಹಾಡುಗಳು ಮತ್ತು ನಮ್ಮ ಅಧ್ಯಯನಕ್ರಮ

2016ರ ಅಕ್ಟೋಬರ್ 13ರಂದು ಸ್ವೀಡಿಷ್ ಅಕಾಡೆಮಿಯು ಆ ವರ್ಷದ ಸಾಹಿತ್ಯ ನೊಬೆಲ್ ಪ್ರಶಸ್ತಿಯನ್ನು ಅಮೆರಿಕದ ರಾಕ್ ಗಾಯಕ ಬಾಬ್ ಡಿಲನ್‌ಗೆ ಘೋಷಿಸಿದಾಗ ನಮ್ಮ ಅಧ್ಯಾಪಕ ವಲಯದಲ್ಲಿಯೂ ಒಂದಿಷ್ಟು ಚರ್ಚೆ ನಡೆಯಿತು. ಹಾಡು ಸಾಹಿತ್ಯವೇ ಎಂಬುದು ಆ ಚರ್ಚೆಯ ಕೇಂದ್ರಪ್ರಶ್ನೆಯಾಗಿತ್ತು. ವಚನ, ಕೀರ್ತನೆ, ತತ್ವಪದಗಳನ್ನು ಸಾಹಿತ್ಯಚರಿತ್ರೆಯೊಳಗೆ ಎಂದೋ ಸೇರಿಸಿಕೊಂಡಿರುವ ನಮಗೆ ಇದೊಂದು ಪ್ರಶ್ನೆಯೇ ಅಲ್ಲ ಎಂದು ಕೆಲವರು ಹೆಮ್ಮೆಪಟ್ಟರು. ಗಿಟಾರ್ ಹಿಡಿದವನಿಗೆ ಈ ಗೌರವ ಸಲ್ಲದೆಂದು ಇನ್ನು ಕೆಲವರು ಮುನಿದರು. ಚರ್ಚೆ ಬೇಗನೆ ತಣ್ಣಗಾಯಿತು. ಆದರೆ ಪ್ರಶಸ್ತಿ ಪಡೆದ ಮೇಲೆ ಆ ಹಾಡುಗಾರ ಏನು ಮಾಡಿದ ಎಂಬುದರ ಕಡೆಗೆ ನಮ್ಮ ಗಮನ ಹರಿಯಲಿಲ್ಲ. 2020ರ ಜೂನ್‌ನಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಆತ 'ರಫ್ ಅಂಡ್ ರೌಡಿ ವೇಸ್' ಎಂಬ ಹೊಸ ಆಲ್ಬಂ ಹೊರತಂದ. 2021ರ ನವೆಂಬರ್‌ನಿಂದ ಅದೇ ಹೆಸರಿನಲ್ಲಿ ಊರೂರು ತಿರುಗಿ ಆ ಹಾಡುಗಳನ್ನು ಹಾಡಿದ. ನೊಬೆಲ್ ಚರ್ಚೆ ಎತ್ತಿದ ಪ್ರಶ್ನೆಗೆ ಈ ಎರಡು ಕೃತ್ಯಗಳಲ್ಲಿ ಒಂದು ಉತ್ತರವಿದೆ ಎಂಬುದು ಪ್ರಸ್ತುತ ಬರಹದ ನಂಬಿಕೆ. ಆ ಉತ್ತರ ಪ್ರಶಸ್ತಿಯನ್ನು ವಿರೋಧಿಸಿದವರಿಗಿಂತ ಅದನ್ನು ಸಮರ್ಥಿಸಿದ ನಮ್ಮಂಥವರನ್ನೇ ಹೆಚ್ಚು ಇಕ್ಕಟ್ಟಿಗೆ ಸಿಲುಕಿಸುವಂಥದು.

ಅಕಾಡೆಮಿಯ ಅಂದಿನ ಕಾರ್ಯದರ್ಶಿ ಸಾರಾ ಡೇನಿಯಸ್ ಆಯ್ಕೆಯನ್ನು ಸಮರ್ಥಿಸುತ್ತ ಹೋಮರ್ ಮತ್ತು ಸ್ಯಾಫೊರನ್ನು ನೆನೆದಿದ್ದರು. ಅವರ ರಚನೆಗಳೂ ಕೇಳುವುದಕ್ಕಾಗಿ, ವಾದ್ಯದೊಡನೆ ಪ್ರದರ್ಶಿಸುವುದಕ್ಕಾಗಿ ಹುಟ್ಟಿದವು. ಆದರೂ ನಾವಿಂದು ಅವನ್ನು ಓದಿ ಸವಿಯುತ್ತೇವೆ. ಡಿಲನ್‌ನನ್ನೂ ಹಾಗೆಯೇ ಓದಬಹುದು, ಓದಬೇಕು ಎಂಬುದು ಅವರ ವಾದದ ತಿರುಳು. ಮೇಲ್ನೋಟಕ್ಕೆ ಉದಾರವಾಗಿ ಕಾಣುವ ಈ ವಾದದೊಳಗೆ ಒಂದು ಷರತ್ತು ಅಡಗಿದೆ: ಹಾಡು ಸಾಹಿತ್ಯದ ಮನೆಯೊಳಗೆ ಬರಬಹುದು, ಆದರೆ ತನ್ನ ದನಿಯನ್ನು ಹೊಸ್ತಿಲಾಚೆ ಬಿಟ್ಟು ಬರಬೇಕು. ಹೋಮರನ ವಾದ್ಯ ಕಳೆದುಹೋದದ್ದು ಕಾಲದ ಕ್ರೌರ್ಯದಿಂದಲೇ ಹೊರತು ಯಾರೋ ಸೌಂದರ್ಯಮೀಮಾಂಸಕರ ತೀರ್ಮಾನದಿಂದಲ್ಲ. ಇಲ್ಲದಿರುವುದನ್ನು ಅನಿವಾರ್ಯವಾಗಿ ಬಿಟ್ಟು ಓದುವುದು ಬೇರೆ, ಇರುವುದನ್ನು ಬೇಕೆಂದೇ ಕಿವಿಯಾಚೆ ಇಟ್ಟು ಓದುವುದು ಬೇರೆ. ಡಿಲನ್ ಸ್ವತಃ ಈ ಷರತ್ತನ್ನು ಒಪ್ಪಲಿಲ್ಲ. 2017ರ ಜೂನ್‌ನಲ್ಲಿ ಕೊಟ್ಟ ನೊಬೆಲ್ ಉಪನ್ಯಾಸದಲ್ಲಿ 'ಮೋಬಿ ಡಿಕ್', 'ಒಡಿಸ್ಸಿ' ಮೊದಲಾದ ಕೃತಿಗಳಿಗೆ ತನ್ನ ಋಣವನ್ನು ವಿವರವಾಗಿ ಹೇಳಿಕೊಂಡ ಮೇಲೆ, ಕೊನೆಗೆ ಹಾಡು ಸಾಹಿತ್ಯದಂಥದಲ್ಲ, ಅದು ಇರುವುದು ಓದುವುದಕ್ಕಲ್ಲ, ಹಾಡುವುದಕ್ಕೆ ಎಂಬ ಅರ್ಥದ ಮಾತು ಹೇಳಿದ. ಪ್ರಶಸ್ತಿಯನ್ನು ತೆಗೆದುಕೊಂಡ, ಅದನ್ನು ಕೊಟ್ಟವರ ತರ್ಕವನ್ನು ಮರಳಿ ಅವರ ಕೈಗೇ ಇಟ್ಟ.

ಇಲ್ಲಿ ಒಂದು ಅನುಭವವನ್ನು ಹೇಳುವುದು ಅಪ್ರಸ್ತುತವಾಗದು. ಪ್ರಶಸ್ತಿಯ ಮರುವರ್ಷ ನಮ್ಮ ಕಡೆಯ ಒಂದು ವಿಚಾರಸಂಕಿರಣದಲ್ಲಿ ಡಿಲನ್‌ನ ಕಾವ್ಯವನ್ನು ಕುರಿತು ಒಂದು ಪ್ರಬಂಧ ಮಂಡನೆಯಾಯಿತು. ಪ್ರತಿಮೆ, ರೂಪಕ, ಪ್ರತಿಭಟನೆಯ ಸಂಕಥನ ಎಲ್ಲವೂ ಅದರಲ್ಲಿದ್ದವು. ಸಭಾಂಗಣದಲ್ಲಿ ಧ್ವನಿವರ್ಧಕವೂ ಇತ್ತು. ಆದರೆ ಆ ಒಂದು ಗಂಟೆಯಲ್ಲಿ ಒಂದು ಹಾಡೂ ಕೇಳಿಬರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ನನಗೂ ಆ ಕೊರತೆ ಆಗ ತೋರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಮನೆಗೆ ಬಂದ ಮೇಲೆ, ಕೀರ್ತನೆಗಳ ಬಗೆಗೆ ನಾನೇ ಬರೆದ ಲೇಖನಗಳನ್ನು ತಿರುವಿ ನೋಡಿದೆ. ಅಲ್ಲಿಯೂ ಒಂದು ರಾಗದ ಹೆಸರಾಗಲಿ, ಒಬ್ಬ ಹಾಡುಗಾರರ ಹೆಸರಾಗಲಿ ಇರಲಿಲ್ಲ.

ಆಲ್ಬಂನ ವಿವರಗಳಿಗೆ ಬರೋಣ. 2012ರ 'ಟೆಂಪೆಸ್ಟ್' ನಂತರ ಎಂಟು ವರ್ಷ ಡಿಲನ್ ಸ್ವಂತ ಹೊಸ ರಚನೆಗಳ ಆಲ್ಬಂ ತಂದಿರಲಿಲ್ಲ. 'ರಫ್ ಅಂಡ್ ರೌಡಿ ವೇಸ್' ಆತನ ಮೂವತ್ತೊಂಬತ್ತನೆಯ ಸ್ಟುಡಿಯೋ ಆಲ್ಬಂ. 2020ರ ಆರಂಭದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮುದ್ರಣಗೊಂಡು ಜೂನ್ 19ರಂದು ಕೊಲಂಬಿಯಾ ಸಂಸ್ಥೆಯಿಂದ ಬಿಡುಗಡೆಯಾಯಿತು. ಒಟ್ಟು ಹತ್ತು ಹಾಡುಗಳು, ಸುಮಾರು ಎಪ್ಪತ್ತು ನಿಮಿಷ. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಎರಡನೆಯ ಸ್ಥಾನ ಪಡೆಯಿತು. ಇದರ ಹೆಸರು ಜಿಮ್ಮಿ ರಾಜರ್ಸ್ (1897–1933) ಎಂಬ ಹಳೆಯ ಹಳ್ಳಿಗಾಡಿನ ಹಾಡುಗಾರನ ಹಾಡೊಂದರಿಂದ ಬಂದದ್ದು. 'ರೌಡಿ' ಎಂಬ ಪದ ನಮ್ಮಲ್ಲಿ ಪೊಲೀಸು ಠಾಣೆಯ ಪಟ್ಟಿಯ ಪದವಾಗಿ ಗಟ್ಟಿಗೊಂಡಿದೆ; ಇಲ್ಲಿ ಅದಕ್ಕೆ ಅಂಕೆಗೆ ಸಿಗದ, ಊರು ಬಿಟ್ಟು ಊರು ತಿರುಗುವ ಪುಂಡತನದ ಛಾಯೆಯಿದೆ. ಮೊದಲ ಹಾಡಿನ ಹೆಸರು ವಾಲ್ಟ್ ವಿಟ್ಮನ್‌ನಿಂದ ಬಂದದ್ದು. ಕೊನೆಯದು 'ಹ್ಯಾಮ್ಲೆಟ್' ನಾಟಕದ ಪ್ರೇತದ ಮಾತಿನಿಂದ. ಶೀರ್ಷಿಕೆಗಳ ಮಟ್ಟದಲ್ಲೇ ಈ ಆಲ್ಬಂ ತಾನು ಎರವಲಿನ ಮನೆಯೆಂದು ಹೇಳಿಕೊಂಡುಬಿಡುತ್ತದೆ.

ಆದರೆ ಮೊದಲು ಗಮನಿಸಬೇಕಾದದ್ದು ಶೀರ್ಷಿಕೆಗಳನ್ನಲ್ಲ, ದನಿಯನ್ನು. ಡಿಲನ್‌ನ ಕಂಠ 1960ರ ದಶಕದಲ್ಲಿಯೇ ವಿವಾದದ ವಸ್ತುವಾಗಿತ್ತು. ಮುಪ್ಪಿನಲ್ಲಿ ಅದು ಇನ್ನಷ್ಟು ಒಡೆದು, 'ಟೆಂಪೆಸ್ಟ್' ಹೊತ್ತಿಗೆ ಬಹುಪಾಲು ಗೊಗ್ಗರು ದನಿಯಾಗಿಬಿಟ್ಟಿತ್ತು. ಮುಂದೆ 2015, 2016 ಮತ್ತು 2017ರಲ್ಲಿ ಆತ ಮೂರು ಬಿಡುಗಡೆಗಳಲ್ಲಿ ತನ್ನದಲ್ಲದ ಹಾಡುಗಳನ್ನು, ಹೆಚ್ಚಾಗಿ ಫ್ರಾಂಕ್ ಸಿನಾತ್ರಾ ಹಾಡಿ ಜನಪ್ರಿಯಗೊಳಿಸಿದ್ದ ಹಳೆಯ ಹಾಡುಗಳನ್ನು ಹಾಡಿದ. ಪ್ರಶಸ್ತಿಯ ಸದ್ದಿನ ನಡುವೆ ಇದು ಅನೇಕರಿಗೆ ಮುದುಕನ ಚಪಲವಾಗಿ ಕಂಡಿತು. ಅದು ವಾಸ್ತವದಲ್ಲಿ ಒಂದು ಅಭ್ಯಾಸಪರ್ವ. ಆ ಹಾಡುಗಳು ಕೂಗಿದರೆ ಕೆಡುತ್ತವೆ. ಉಸಿರನ್ನು ಅಳೆದು, ಪದವನ್ನು ಕಡೆಯ ಅಕ್ಷರದವರೆಗೆ ಜೋಪಾನವಾಗಿ ಒಯ್ಯಬೇಕಾಗುತ್ತದೆ. 2020ರ ಆಲ್ಬಂನಲ್ಲಿ ಕೇಳುವುದು ಹೀಗೆ ಪಳಗಿದ ದನಿ. 'ಐ ಕಂಟೇನ್ ಮಲ್ಟಿಟ್ಯೂಡ್ಸ್' ಮತ್ತು 'ಬ್ಲ್ಯಾಕ್ ರೈಡರ್' ಹಾಡುಗಳಲ್ಲಿ ತಾಳವಾದ್ಯ ಇಲ್ಲವೆನ್ನುವಷ್ಟು ಹಿಂದೆ ಸರಿದಿದೆ. ಗಿಟಾರಿನ ಕೆಲವೇ ಎಳೆಗಳ ಮೇಲೆ ಮಾತು ನಡೆಯುತ್ತದೆ. ಹಾಡು ಎಲ್ಲಿ ಮುಗಿದು ಮಾತು ಎಲ್ಲಿ ಮೊದಲಾಯಿತೆಂದು ಹೇಳಲಾಗದು. ನಮ್ಮಲ್ಲಿ ಒಳ್ಳೆಯ ಗಮಕಿಯೊಬ್ಬರು ಷಟ್ಪದಿಯ ಒಂದು ಪಾದವನ್ನು ರಾಗದಿಂದ ಬಿಡಿಸಿ ಮಾತಿನಂಚಿಗೆ ತಂದು ನಿಲ್ಲಿಸುವುದನ್ನು ಕೇಳಿದವರಿಗೆ ಇದರ ಕಷ್ಟ ಏನೆಂಬುದು ತಿಳಿಯುತ್ತದೆ.

ಕಾಗದದ ಮೇಲೆ ಈ ಹಾಡುಗಳ ಸ್ಥಿತಿ ಬೇರೆ. 'ಐ ಕಂಟೇನ್ ಮಲ್ಟಿಟ್ಯೂಡ್ಸ್' ಹಾಡನ್ನು ಓದಿದರೆ ಅದು ಹೆಸರುಗಳ ಒಂದು ಪಟ್ಟಿ; ಕೆಲವು ಪ್ರಾಸಗಳು ಬಾಲಿಶವೆಂದೇ ಅನಿಸುತ್ತವೆ. ಎಂ.ಎ. ವಿದ್ಯಾರ್ಥಿಯೊಬ್ಬರು ಇಂಥದನ್ನು ಬರೆದು ತಂದರೆ ತಿದ್ದಲು ನಮ್ಮ ಕೈ ತವಕಿಸೀತು. ಕೇಳಿದಾಗ ಆ ಪ್ರಾಸಗಳಲ್ಲಿ ಒಂದು ಬಗೆಯ ನಗೆಯಿದೆಯೆಂಬುದು ಗೊತ್ತಾಗುತ್ತದೆ. ತಾನು ದೊಡ್ಡದೊಂದು ಮಾತು ಹೇಳುತ್ತಿದ್ದೇನೆಂಬ ಅರಿವಿನಿಂದಲೇ ಹುಟ್ಟಿದ, ತನ್ನನ್ನೇ ತುಸು ಇಳಿಸಿಕೊಳ್ಳುವ ನಗೆ ಅದು. ಈ ನಗೆ ಪದದಲ್ಲಿಲ್ಲ, ಪದದ ಮೇಲೆ ಉಸಿರು ತಂಗುವ ಕ್ಷಣದಲ್ಲಿದೆ. ಮುದ್ರಿತ ಪಾಠವನ್ನಷ್ಟೇ ಇಟ್ಟುಕೊಂಡು 'ಇದು ಕಾವ್ಯವಲ್ಲ' ಎಂದವರು ತಾವು ನೋಡಿದ್ದರ ಮಟ್ಟಿಗೆ ಸರಿಯಾಗಿಯೇ ಹೇಳಿದ್ದರು. 'ಇದು ಕಾವ್ಯ' ಎಂದು ಅದೇ ಮುದ್ರಿತ ಪಾಠದಿಂದ ಸಾಧಿಸಹೊರಟವರ ಕೆಲಸವೇ ಹೆಚ್ಚು ದುರ್ಬಲವಾದದ್ದು.

ಎರವಲಿನ ಪ್ರಶ್ನೆಯನ್ನು ಇಲ್ಲಿ ಎದುರಿಸಲೇಬೇಕು. ಡಿಲನ್ ಮೇಲೆ ಕೃತಿಚೌರ್ಯದ ಆರೋಪ ಹೊಸದಲ್ಲ. 2001ರ ಆಲ್ಬಂನಲ್ಲಿ ಜಪಾನಿನ ಜುನಿಚಿ ಸಾಗಾ ಅವರ ಪುಸ್ತಕದ ಇಂಗ್ಲಿಷ್ ಅನುವಾದದ ವಾಕ್ಯಗಳು, 2006ರ ಆಲ್ಬಂನಲ್ಲಿ ಹತ್ತೊಂಬತ್ತನೆಯ ಶತಮಾನದ ಕವಿ ಹೆನ್ರಿ ಟಿಮ್ರಾಡ್‌ನ ನುಡಿಗಟ್ಟುಗಳು ಪತ್ತೆಯಾಗಿದ್ದವು. ಈ ಆಲ್ಬಂನ 'ಮೈ ಓನ್ ವರ್ಷನ್ ಆಫ್ ಯೂ' ಎಂಬ ಹಾಡಿನಲ್ಲಿ ನಿರೂಪಕನು ಶವಾಗಾರಗಳಲ್ಲಿ, ಮಠಗಳಲ್ಲಿ ಅಲೆದು ಹೆಣಗಳ ಅಂಗಾಂಗಗಳನ್ನು ಆಯ್ದು ತಂದು ಒಂದು ಜೀವವನ್ನು ಕಟ್ಟಲು ಹೊರಡುತ್ತಾನೆ. ಮೇರಿ ಶೆಲ್ಲಿಯ ಫ್ರಾಂಕೆನ್‌ಸ್ಟೈನ್ ಕಥೆಯ ಈ ಮರುಬಳಕೆಯನ್ನು ಡಿಲನ್‌ನ ಕಾವ್ಯಮೀಮಾಂಸೆಯಾಗಿ ಓದಬಹುದು. ತಾನು ಮಾಡುತ್ತಿರುವುದು ಏನು, ಅದು ಎಷ್ಟು ಭಯಂಕರ, ಎಷ್ಟು ಹಾಸ್ಯಾಸ್ಪದ ಎಂಬುದೆಲ್ಲ ಅವನಿಗೆ ಗೊತ್ತು. ಸತ್ತವರ ದನಿಗಳಿಂದಲೇ ಹೊಸ ದನಿ ಏಳಬೇಕು ಎಂಬುದು ಮೌಖಿಕ ಪರಂಪರೆಗಳ ಬಲ್ಲಿದರಿಗೆ ಹೊಸ ಮಾತೇನೂ ಅಲ್ಲ.

ಇಷ್ಟಕ್ಕೇ ಸುಮ್ಮನಾದರೆ ಅದು ಭಕ್ತನ ಮಾತಾದೀತು. 'ಗುಡ್‌ಬೈ ಜಿಮ್ಮಿ ರೀಡ್' ಹಾಡು ಕಪ್ಪು ಬ್ಲೂಸ್ ಗಾಯಕನೊಬ್ಬನಿಗೆ ಹೆಸರು ಹಿಡಿದು ಸಲ್ಲಿಸಿದ ನಮನ. ಆದರೆ 'ಫಾಲ್ಸ್ ಪ್ರಾಫೆಟ್' ಹಾಡಿನ ಬೆನ್ನೆಲುಬಾದ ಗಿಟಾರ್ ವರಸೆ ಬಿಲ್ಲಿ 'ದಿ ಕಿಡ್' ಎಮರ್ಸನ್ ಎಂಬ ಇನ್ನೊಬ್ಬ ಕಪ್ಪು ಸಂಗೀತಗಾರ 1954ರಲ್ಲಿ ಮುದ್ರಿಸಿದ್ದ ಹಾಡಿನಿಂದ ಬಂದದ್ದು. ಎಮರ್ಸನ್‌ಗೆ ಆಲ್ಬಂನಲ್ಲಿ ರಚನಕಾರನ ಸ್ಥಾನವಿಲ್ಲ. ಹತ್ತೂ ಹಾಡುಗಳ ಕರ್ತೃತ್ವ ಡಿಲನ್ ಒಬ್ಬನದೇ. ಆಲ್ಬಂ ಬಂದ ವರ್ಷದ ಡಿಸೆಂಬರ್‌ನಲ್ಲಿ ಆತ ತನ್ನ ಗೀತರಚನೆಗಳ ಹಕ್ಕುಗಳನ್ನು ಯೂನಿವರ್ಸಲ್ ಸಂಸ್ಥೆಗೆ ಮಾರಿದ. ಪರಂಪರೆ ಎಲ್ಲರ ಸೊತ್ತೆಂದು ತೆಗೆದುಕೊಳ್ಳುವುದು, ತೆಗೆದುಕೊಂಡದ್ದನ್ನು ಖಾಸಗಿ ಸೊತ್ತೆಂದು ಮಾರುವುದು, ಇವೆರಡನ್ನೂ ಒಟ್ಟಿಗೆ ಸಮರ್ಥಿಸುವುದು ಕಷ್ಟ. ಜನಪದ ಪರಂಪರೆಯ ಹೆಸರಿನಲ್ಲಿ ಡಿಲನ್‌ನ ಪರ ವಾದಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ನಮ್ಮ ತತ್ವಪದಕಾರರು ಹಿಂದಿನವರ ಸೊಲ್ಲನ್ನು ಎತ್ತಿಕೊಂಡಾಗ ಅದು ಗುರುಪರಂಪರೆಯ ಬಳಕೆಯಾಗಿತ್ತು. ಅದರ ಮೇಲೆ ಯಾರ ಕಂಪನಿಯ ಮುದ್ರೆಯೂ ಬೀಳುತ್ತಿರಲಿಲ್ಲ. ಈ ಆಕ್ಷೇಪವನ್ನು ಉಳಿಸಿಕೊಂಡೇ ನಾನು ಮುಂದುವರಿಯುತ್ತೇನೆ.

ಆಲ್ಬಂನ ಕೊನೆಯ ಎರಡು ಹಾಡುಗಳನ್ನು ಒಟ್ಟಿಗೆ ಕೇಳಬೇಕು. 'ಮರ್ಡರ್ ಮೋಸ್ಟ್ ಫೌಲ್' ಸುಮಾರು ಹದಿನೇಳು ನಿಮಿಷಗಳ ಹಾಡು. 2020ರ ಮಾರ್ಚ್ 27ರಂದು, ಜಗತ್ತು ಕೊರೋನಾ ಭೀತಿಯಲ್ಲಿ ಮನೆಯೊಳಗೆ ಸೇರಿಕೊಂಡಿದ್ದಾಗ, ಅದು ಆಲ್ಬಂಗಿಂತ ಮೊದಲೇ ಬಿಡಿಯಾಗಿ ಹೊರಬಂತು. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ನಡೆದ ಅಧ್ಯಕ್ಷ ಕೆನಡಿಯ ಹತ್ಯೆ ಅದರ ವಸ್ತು. ಹತ್ಯೆಯ ವರ್ಣನೆಯಿಂದ ಆರಂಭವಾಗುವ ಹಾಡು ಅರ್ಧ ದಾಟಿದ ಮೇಲೆ ದಿಕ್ಕು ಬದಲಿಸುತ್ತದೆ. ವುಲ್ಫ್‌ಮನ್ ಜ್ಯಾಕ್ ಎಂಬ ರೇಡಿಯೋ ನಿರೂಪಕನನ್ನು ಕರೆದು, ಈ ಹಾಡು ಹಾಕು, ಆ ಹಾಡು ಹಾಕು ಎಂದು ನಿರೂಪಕ ಕೇಳುತ್ತ ಹೋಗುತ್ತಾನೆ. ಬ್ಲೂಸ್, ಜಾಝ್, ಸಿನಿಮಾ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎಲ್ಲವೂ ಆ ನಾಮಾವಳಿಯಲ್ಲಿ ಬರುತ್ತವೆ. ಕೊನೆಗೆ ಆತ ಕೇಳುವುದು ಇದೇ ಹಾಡನ್ನು. ಒಂದು ಶೋಕಗೀತೆ ತಾನು ಶೋಕಿಸಿದ ಪರಂಪರೆಯ ಸಾಲಿನಲ್ಲಿ ಕಟ್ಟಕಡೆಯದಾಗಿ ತನ್ನ ಹೆಸರನ್ನೂ ಇಟ್ಟು ಮುಗಿಯುತ್ತದೆ. ನಮ್ಮ ಅಂಕಿತದಂತೆ ಇದು ದೈವದ ಹೆಸರಲ್ಲ. ಆದರೆ ಹಾಡಿನ ತುದಿಯಲ್ಲಿ ಹೆಸರೊಂದು ಬಂದು ಇಡೀ ಹಾಡನ್ನು ಯಾರದೋ ಮಡಿಲಿಗೆ ಹಾಕುವ ಪರಿ ನಮಗೆ ಪರಿಚಿತವಾದದ್ದೇ.

ಇದಕ್ಕೆ ಮೊದಲು ಬರುವ 'ಕೀ ವೆಸ್ಟ್' ಫ್ಲಾರಿಡಾದ ದಕ್ಷಿಣದ ತುದಿಯ ದ್ವೀಪವನ್ನು ಕುರಿತದ್ದು. ಒಂಬತ್ತೂವರೆ ನಿಮಿಷಗಳ ಈ ಹಾಡು ಅಕಾರ್ಡಿಯನ್ನಿನ ನಾದದಲ್ಲಿ ತೇಲುತ್ತದೆ. ದೂರದ ರೇಡಿಯೋ ಕೇಂದ್ರವನ್ನು ಹುಡುಕುತ್ತಿರುವ ವೃದ್ಧನೊಬ್ಬನ ಸ್ವಗತದಂತಿದೆ. ಆದರೆ ಅದರ ಆರಂಭದಲ್ಲಿಯೇ 1901ರಲ್ಲಿ ಗುಂಡೇಟಿಗೆ ಬಲಿಯಾದ ಅಧ್ಯಕ್ಷ ಮೆಕಿನ್ಲೆಯ ನರಳಾಟವಿದೆ. 1920ರ ದಶಕದಲ್ಲಿ ಚಾರ್ಲಿ ಪೂಲ್ ಹಾಡಿದ್ದ ಹಳೆಯ ಲಾವಣಿಯ ನೆನಪು ಅದು. ಎರಡು ಹಾಡು, ಎರಡು ಹತ್ಯೆ, ಎರಡರಲ್ಲೂ ರೇಡಿಯೋ. ಒಂದರಲ್ಲಿ ಸಾವು ಊರ ನಡುವೆ ಹಾಡಹಗಲೇ ನಡೆಯುತ್ತದೆ. ಇನ್ನೊಂದರಲ್ಲಿ ಅದು ದೂರದ ಗದ್ದಲವಾಗಿ, ಕಡಲತಡಿಯ ಬಿಸಿಲಿನಲ್ಲಿ ಕರಗುತ್ತದೆ. 'ಫಿಲಾಸಫರ್ ಪೈರೇಟ್' ಎಂಬ ಉಪಶೀರ್ಷಿಕೆ ಈ ಹಾಡಿಗಿದೆ. ತತ್ವಜ್ಞಾನಿಯೂ ಕಡಲುಗಳ್ಳನೂ ಒಬ್ಬನೇ ಎನ್ನುವಲ್ಲಿ ಎರವಲಿನ ಬಗೆಗಿನ ಆ ತುಂಟತನ ಮತ್ತೆ ಇಣುಕುತ್ತದೆ.

ಈಗ ಪ್ರವಾಸ. 1988ರ ಜೂನ್‌ನಿಂದ ಡಿಲನ್ ವರ್ಷದ ಬಹುಭಾಗ ತಿರುಗುತ್ತಲೇ ಇದ್ದ; ಪತ್ರಿಕೆಗಳು ಅದನ್ನು 'ಮುಗಿಯದ ಪ್ರವಾಸ' ಎಂದು ಕರೆದವು. 2019ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಕಛೇರಿಯ ನಂತರ ಸಾಂಕ್ರಾಮಿಕದ ಕಾರಣ ಅದು ನಿಂತಿತು. 2021ರ ನವೆಂಬರ್ 2ರಂದು ಮಿಲ್ವಾಕಿಯಲ್ಲಿ ಮತ್ತೆ ಆರಂಭವಾದಾಗ ಅದರ ಸ್ವರೂಪ ಬದಲಾಗಿತ್ತು. ಹಿಂದೆ ರಾತ್ರಿಯಿಂದ ರಾತ್ರಿಗೆ ಹಾಡುಗಳು ಬದಲಾಗುತ್ತಿದ್ದ ಕಾಲವಿತ್ತು. ಹೊಸ ಆಲ್ಬಂ ಬಂದರೂ ಅದರ ಒಂದೆರಡು ಹಾಡು ನುಸುಳಿದರೆ ಹೆಚ್ಚು. ಈ ಬಾರಿ ಪ್ರವಾಸಕ್ಕೆ ಆಲ್ಬಂನ ಹೆಸರನ್ನೇ ಇಟ್ಟು, ಭಿತ್ತಿಪತ್ರದಲ್ಲಿ 2021ರಿಂದ 2024ರವರೆಗೆ ಎಂದು ಅವಧಿಯನ್ನೂ ನಮೂದಿಸಲಾಗಿತ್ತು. ಸುಮಾರು ಹದಿನೇಳು ಹಾಡುಗಳ ಕಛೇರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಆಲ್ಬಂನವೇ ಇದ್ದವು. ಜನ ಬಯಸಿ ಬರುವ 1960ರ ದಶಕದ ಪ್ರಖ್ಯಾತ ಹೋರಾಟದ ಗೀತೆಗಳಿಗೆ ಜಾಗವಿರಲಿಲ್ಲ. ಡಿಲನ್ ಪಿಯಾನೋದ ಹಿಂದೆ ಕುಳಿತೋ ನಿಂತೋ ಹಾಡುತ್ತಿದ್ದ. ಸಭಿಕರೊಡನೆ ಮಾತು ಅಪರೂಪ. 2024ರ ಡಿಸೆಂಬರ್‌ನಲ್ಲಿ ಅವನ ಯೌವನವನ್ನು ಕುರಿತ 'ಎ ಕಂಪ್ಲೀಟ್ ಅನ್‌ನೋನ್' ಚಿತ್ರ ತೆರೆಕಂಡು ಹೊಸ ತಲೆಮಾರು ಇಪ್ಪತ್ತರ ಹರೆಯದ ಡಿಲನ್‌ಗೆ ಮನಸೋತಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಎಂಬತ್ತಮೂರರ ಡಿಲನ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಈ ಮುಪ್ಪಿನ ಹಾಡುಗಳನ್ನೇ ಹಾಡಿ ಯೂರೋಪಿನ ಸುತ್ತನ್ನು ಮುಗಿಸಿದ್ದ.

ಈ ಕಛೇರಿಗಳಲ್ಲಿ ನಾನು ಕುಳಿತು ಕೇಳಿದವನಲ್ಲ. ಕೇಳುಗರು ಹಂಚಿಕೊಂಡ ಮುದ್ರಣಗಳಿಂದ ತಿಳಿದದ್ದು ಇಷ್ಟು: ಹಾಡುಗಳ ಪಟ್ಟಿ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ಹಾಡುಗಳು ಸ್ಥಿರವಾಗಿರಲಿಲ್ಲ. 'ಕೀ ವೆಸ್ಟ್'ನ ಉದಾಹರಣೆಯೇ ಸಾಕು. ಅದರ ಸಂಗೀತದ ಹಂದರವನ್ನು ಪ್ರವಾಸದ ಉದ್ದಕ್ಕೂ ಮತ್ತೆ ಮತ್ತೆ ಬಿಚ್ಚಿ ಕಟ್ಟಲಾಯಿತು. ಆಲ್ಬಂನಲ್ಲಿ ತೇಲುತ್ತಿದ್ದ ಹಾಡು ಕೆಲವು ಕಡೆ ಪಿಯಾನೋದ ಒಂಟಿ ಸ್ವರಗಳ ಮೇಲೆ ತಡವರಿಸುವ ಪಠನವಾಯಿತು. ಡ್ರಮ್ ನುಡಿಸುವವರು ಬದಲಾದರು: ಚಾರ್ಲಿ ಡ್ರೇಟನ್, ಬಳಿಕ ಜೆರ್ರಿ ಪೆಂಟಿಕೋಸ್ಟ್, 2024ರ ಕೊನೆಯಲ್ಲಿ ಹಿರಿಯ ಜಿಮ್ ಕೆಲ್ಟ್ನರ್. ಒಬ್ಬೊಬ್ಬರೊಡನೆಯೂ ಹಾಡಿನ ನಡೆ ಬದಲಾಯಿತು. 1969ರ 'ಟು ಬಿ ಅಲೋನ್ ವಿತ್ ಯೂ' ಎಂಬ ಸರಳ ಪ್ರೇಮಗೀತೆಯ ಸಾಹಿತ್ಯವನ್ನು ಬಹುಮಟ್ಟಿಗೆ ಹೊಸದಾಗಿ ಬರೆದುಕೊಂಡು ಹಾಡಿದ. 2023ರಲ್ಲಿ ಸೇಂಟ್ ಲೂಯಿಸ್‌ಗೆ ಹೋದಾಗ ಆ ಊರಿನವನೇ ಆದ ಚಕ್ ಬೆರ್ರಿಯ ಹಾಡನ್ನೂ, ಮಾಂಟ್ರಿಯಲ್‌ಗೆ ಹೋದಾಗ ಅಲ್ಲಿನ ಲಿಯೊನಾರ್ಡ್ ಕೋಹೆನ್‌ನ ಹಾಡನ್ನೂ ಹಾಡಿದ. ಊರಿಗೆ ಬಂದ ಮೇಳ ಊರದೇವರನ್ನು ಮೊದಲು ನೆನೆಯುವ ರೀತಿ ಇದು.

'ಮರ್ಡರ್ ಮೋಸ್ಟ್ ಫೌಲ್' ಮಾತ್ರ ಆ ಮೂರು ವರ್ಷಗಳ ಕಛೇರಿಗಳಲ್ಲಿ ಬರಲಿಲ್ಲ. ಉಳಿದ ಒಂಬತ್ತೂ ಬಂದವು. ಅದರ ಉದ್ದವೇ ಕಾರಣವೆಂದು ಸುಲಭವಾಗಿ ಹೇಳಬಹುದು. ನನಗೆ ತೋರುವ ಕಾರಣ ಬೇರೆ. ಆ ಹಾಡು ರೇಡಿಯೋಗೆ ಸಲ್ಲಿಸಿದ ಬೇಡಿಕೆ. ಬೇರೆಯವರ ದನಿಗಳನ್ನು ಕೇಳಿಸು ಎಂಬ ಮೊರೆ. ವೇದಿಕೆಯ ಮೇಲೆ ನಿಂತು ಹಾಡುವವನು ಆ ಮೊರೆಗೆ ತಾನೇ ಉತ್ತರವಾಗಿಬಿಡುತ್ತಾನೆ. ಕಡೆಯಲ್ಲಿ 'ಇದೇ ಹಾಡನ್ನು ಹಾಕು' ಎಂದು ಕೇಳುವ ಮಾತಿಗೆ ಅರ್ಥ ಬರುವುದು ಮುದ್ರಿತವಾದ, ಮತ್ತೆ ತಿರುಗಿಸಬಹುದಾದ ತಟ್ಟೆಯಲ್ಲಿ ಮಾತ್ರ. ಈ ಊಹೆ ಸರಿಯಾದರೆ, ಯಾವ ಹಾಡು ಮುದ್ರಣಕ್ಕೆ ಸೇರಿದ್ದು, ಯಾವುದು ರಂಗಕ್ಕೆ ಸೇರಿದ್ದು ಎಂಬ ವಿವೇಚನೆ ಡಿಲನ್‌ಗಿದೆ. ಹಾಡು ಯಾವುದರಲ್ಲೂ ಒಂದೇ ಎಂದು ಭಾವಿಸಿರುವವರು ನಾವು.

ಇಲ್ಲಿ ನಮ್ಮದೇ ಒಂದು ಪ್ರಕರಣ ನೆನಪಾಗುತ್ತದೆ. ಶಿಶುನಾಳ ಶರೀಫರ (1819–1889) ಪದಗಳು ಧಾರವಾಡ ಸೀಮೆಯ ಭಜನಾಮೇಳಗಳಲ್ಲಿ ಬಗೆಬಗೆಯ ಧಾಟಿಗಳಲ್ಲಿ ಉಳಿದುಬಂದವು. ಸಿ. ಅಶ್ವತ್ಥ್ ಅವರ ಸಂಗೀತ, ವಿಶೇಷವಾಗಿ ಟಿ.ಎಸ್. ನಾಗಾಭರಣರ 1990ರ 'ಸಂತ ಶಿಶುನಾಳ ಶರೀಫ' ಚಿತ್ರ, ಆ ಪದಗಳನ್ನು ನಾಡಿನ ಮೂಲೆಮೂಲೆಗೂ ಒಯ್ದವು. ಆ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅಶ್ವತ್ಥರ ದನಿಯಿಲ್ಲದಿದ್ದರೆ ದಕ್ಷಿಣದ ನನ್ನಂಥವರಿಗೆ ಶರೀಫರು ಪಠ್ಯಪುಸ್ತಕದ ಹೆಸರಾಗಿಯೇ ಉಳಿಯುತ್ತಿದ್ದರು. ಆದರೆ ಕ್ಯಾಸೆಟ್ಟಿನ ಪಾಠವೇ ಶರೀಫರ ಪಾಠವೆಂಬ ಗ್ರಹಿಕೆಯೂ ಅದರೊಡನೆಯೇ ಬೇರೂರಿತು. ಹಳ್ಳಿಯ ಮೇಳದವರು ತಮ್ಮ ಧಾಟಿಯಲ್ಲಿ ಹಾಡಿದರೆ 'ಇದು ಸರಿಯಾದ ಧಾಟಿಯಲ್ಲ' ಎಂದು ನಮ್ಮ ವಿದ್ಯಾರ್ಥಿಗಳು ಹೇಳಿದ್ದನ್ನು ನಾನು ಕೇಳಿದ್ದೇನೆ. ಮುದ್ರಿತ ಪುಸ್ತಕದ ಯಜಮಾನಿಕೆಯ ಬಗೆಗೆ ನಾವು ಸಾಕಷ್ಟು ಬರೆದಿದ್ದೇವೆ. ಮುದ್ರಿತ ಧ್ವನಿಯ ಯಜಮಾನಿಕೆಯ ಬಗೆಗೆ ಬರೆದದ್ದು ಕಡಿಮೆ. ಶರೀಫರು ಬಂದು ಕ್ಯಾಸೆಟ್ಟನ್ನು ತಿದ್ದಲಾರರು. ಡಿಲನ್ ಮಾತ್ರ ತನ್ನ ತಟ್ಟೆಯನ್ನು ತಾನೇ ರಾತ್ರಿ ರಾತ್ರಿ ತಿದ್ದುತ್ತ ಹೋದ. ಈ ಪ್ರವಾಸ ಆಲ್ಬಂನ ಪ್ರಚಾರಕ್ಕಾಗಿ ಹೊರಟಂತೆ ಕಂಡರೂ ಅದು ಆಲ್ಬಂನ ಅಧಿಕಾರವನ್ನು ಒಪ್ಪದಿರುವ ಪ್ರವಾಸವಾಯಿತು. ಇಲ್ಲಿ ಸ್ಟುಡಿಯೋ ಪಾಠವೆಂಬುದು ಮೂಲಪಾಠವಲ್ಲ; ಸಿಕ್ಕ ಮೊದಲ ಪ್ರತಿ ಅಷ್ಟೆ.

'ಪ್ರತಿ' ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಅರಸಿ ವಚನಗಳನ್ನು ಬೆಳಕಿಗೆ ತಂದ ಕಾಲದಿಂದ ಎಂ.ಎಂ. ಕಲಬುರ್ಗಿಯವರ ಕಾಲದವರೆಗೆ ಕನ್ನಡ ಗ್ರಂಥಸಂಪಾದನೆ ಪಾಠಾಂತರಗಳನ್ನು ಒರೆಹಚ್ಚುವ ಸೂಕ್ಷ್ಮವಾದ ಕ್ರಮವೊಂದನ್ನು ಬೆಳೆಸಿದೆ. ಆ ಕ್ರಮದ ಗುರಿ ಸಹಜವಾಗಿಯೇ ಶುದ್ಧಪಾಠ. ಉಳಿದವು ಅಡಿಟಿಪ್ಪಣಿಗೆ ಇಳಿಯುತ್ತವೆ. ಬರೆಹದಲ್ಲಿ ಪ್ರತಿಕಾರನ ಪ್ರಮಾದ ಎಂಬುದುಂಟು, ಆದ್ದರಿಂದ ಶುದ್ಧಪಾಠದ ಹುಡುಕಾಟ ಸಾರ್ಥಕ. ಹಾಡಿಕೆಯಲ್ಲಿ ವ್ಯತ್ಯಾಸವೆಂಬುದು ಪ್ರಮಾದವಲ್ಲ. ನಮ್ಮ ಜಾನಪದ ವಿದ್ವಾಂಸರು ಮಹಾಕಾವ್ಯಗಳ ಸಂಗ್ರಹದ ಸಂದರ್ಭದಲ್ಲಿ ಇದನ್ನು ಎಂದೋ ಕಂಡುಕೊಂಡರು. ಆದರೆ 'ಜಾನಪದ'ಕ್ಕೆ ಒಂದು ನ್ಯಾಯ, 'ಸಾಹಿತ್ಯ'ಕ್ಕೆ ಒಂದು ನ್ಯಾಯ ಎಂದು ವಿಭಾಗಿಸಿಕೊಂಡೆವು. ಕೀರ್ತನೆ, ತತ್ವಪದಗಳು ಸಾಹಿತ್ಯದ ಕಪಾಟಿಗೆ ಬಂದದ್ದರಿಂದ ಅವಕ್ಕೆ ಶುದ್ಧಪಾಠದ ನ್ಯಾಯವೇ ದಕ್ಕಿತು. ಡಿಲನ್ ಈ ವಿಭಜನೆಯ ಎರಡೂ ಬದಿಗೆ ಕಾಲಿಟ್ಟವನು: ಹೆಸರುಳ್ಳ, ಹಕ್ಕುಸ್ವಾಮ್ಯವುಳ್ಳ, ನೊಬೆಲ್ ಪಡೆದ ಕರ್ತೃ ಅವನೇ, ಹೆಸರಿಲ್ಲದ ಹಾಡುಗಾರನಂತೆ ಪಾಠವನ್ನು ಸಡಿಲ ಬಿಡುವವನೂ ಅವನೇ. ಆತನ 1967ರ 'ಜಾನ್ ವೆಸ್ಲಿ ಹಾರ್ಡಿಂಗ್' ಆಲ್ಬಂನ ಹೊದಿಕೆಯ ಚಿತ್ರದಲ್ಲಿ ಆತನ ಇಕ್ಕೆಲಗಳಲ್ಲಿ ನಿಂತವರು ಬಂಗಾಳದ ಬಾವುಲ್ ಗಾಯಕರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಏಕತಾರಿಯ ಪರಂಪರೆ ಅವನ ಕಣ್ಣಿಗೆ ಬೀಳದೆ ಇರಲಿಲ್ಲ.

ಈ ನಿಲುವಿಗೆ ಒಂದು ಗಟ್ಟಿಯಾದ ಆಕ್ಷೇಪ ಬರಬಹುದು. ರಾತ್ರಿ ರಾತ್ರಿಗೆ ಬದಲಾಗುವುದೇ ಪಠ್ಯವಾದರೆ ಸಂಶೋಧಕರು ಆಕರವೆಂದು ತೋರಿಸುವುದು ಯಾವುದನ್ನು? ಈ ಪ್ರವಾಸ ಆ ತೊಂದರೆಯನ್ನು ಇನ್ನಷ್ಟು ಬಿಗಿಗೊಳಿಸಿತು. ಸಭಾಂಗಣದ ಬಾಗಿಲಲ್ಲಿಯೇ ಪ್ರೇಕ್ಷಕರ ಮೊಬೈಲ್ ಫೋನುಗಳನ್ನು ಚೀಲದೊಳಗಿಟ್ಟು ಬೀಗ ಹಾಕಿ ಅವರ ಕೈಗೇ ಕೊಡುವ ವ್ಯವಸ್ಥೆ ಇತ್ತು. ಕೇಳು, ಹಿಡಿದಿಡಬೇಡ ಎಂಬುದು ಅದರ ಇಂಗಿತ. ಕೇಳುಗನಾಗಿ ನನಗೆ ಇದು ಒಪ್ಪಿಗೆ; ಸಂಶೋಧಕನಾಗಿ ಅಲ್ಲ. ಇಂದು ನಾವು ಈ ಪ್ರವಾಸದ ಪಾಠಾಂತರಗಳನ್ನು ಚರ್ಚಿಸಲು ಸಾಧ್ಯವಾಗಿರುವುದು ಆ ನಿಯಮವನ್ನು ಮುರಿದು ಗುಟ್ಟಾಗಿ ಮುದ್ರಿಸಿಕೊಂಡವರಿಂದ. ಒಕ್ಲಹೋಮಾದ ಟಲ್ಸಾ ನಗರದಲ್ಲಿ 2022ರಲ್ಲಿ ತೆರೆದ ಬಾಬ್ ಡಿಲನ್ ಕೇಂದ್ರದಲ್ಲಿ ಆತನ ಹಸ್ತಪ್ರತಿಗಳು ಜೋಪಾನವಾಗಿವೆ. ಹಸ್ತಪ್ರತಿಯನ್ನು ಜಗತ್ತು ಗೌರವಿಸುತ್ತದೆ. ಕದ್ದು ಮುದ್ರಿಸಿದ ಹಾಡಿಕೆಗೆ ಆ ಗೌರವ ಬರಬೇಕಾದರೆ ಇನ್ನೆಷ್ಟು ಕಾಲ ಬೇಕೋ. ಪುರಂದರದಾಸರ ಕೀರ್ತನೆಗಳ ಮೂಲ ಧಾಟಿಗಳಲ್ಲಿ ಬಹುಪಾಲು ನಮಗೆ ಉಳಿಯಲಿಲ್ಲ. ಹಿಡಿದಿಡುವ ಉಪಾಯ ಅಂದು ಇರಲಿಲ್ಲ. ಇಂದು ಉಪಾಯವಿದೆ. ಇದ್ದೂ ಹಿಡಿದಿಡದೆ ಹೋಗುತ್ತಿರುವ ಮೇಳಗಳು ನಮ್ಮ ಜಿಲ್ಲೆಗಳಲ್ಲಿಯೇ ಎಷ್ಟೋ ಇವೆ, ಅವಕ್ಕೆ ಯಾರೂ ಬೀಗ ಹಾಕಿಲ್ಲ.

ನಮ್ಮ ವಿಭಾಗಗಳ ಪಿಎಚ್.ಡಿ. ಪ್ರಬಂಧಗಳಲ್ಲಿ ಹಾಡನ್ನು ಆಕರವೆಂದು ಉಲ್ಲೇಖಿಸುವಾಗ ಇಂದಿಗೂ ನಾವು ಕೊಡುವುದು ಪುಸ್ತಕದ ಪುಟಸಂಖ್ಯೆಯನ್ನು. ಯಾರು ಹಾಡಿದ್ದು, ಯಾವ ಊರಿನಲ್ಲಿ, ಯಾವ ವರ್ಷ, ಯಾವ ಮೇಳದೊಡನೆ ಎಂಬ ವಿವರ ಕ್ಷೇತ್ರಕಾರ್ಯದ ಪ್ರಬಂಧಗಳಿಗೆ ಮಾತ್ರ ಸೀಮಿತವಾಗಿದೆ. ಕೀರ್ತನೆ ಮತ್ತು ತತ್ವಪದಗಳನ್ನು ಕುರಿತ ಪ್ರಬಂಧಗಳಲ್ಲಿ ಕನಿಷ್ಠ ಒಂದು ರಚನೆಯ ಎರಡು ಹಾಡಿಕೆಗಳನ್ನಾದರೂ ಎದುರುಬದುರಾಗಿಟ್ಟು ವಿವೇಚಿಸಬೇಕು, ಆ ಧ್ವನಿಮುದ್ರಣಗಳನ್ನು ಪ್ರಬಂಧದೊಡನೆಯೇ ಸಲ್ಲಿಸಬೇಕು, ಮೌಲ್ಯಮಾಪಕರು ಅವನ್ನು ಕೇಳಿಯೇ ವರದಿ ಬರೆಯಬೇಕು. ಸಂಗೀತಶಾಸ್ತ್ರ ತಿಳಿಯದ ನಾವು ಇದನ್ನು ಹೇಗೆ ಮಾಡುವುದೆಂದು ಕೆಲವರು ಕೇಳಿಯಾರು. ಛಂದಸ್ಸನ್ನು ಕಲಿಸುವವರಿಗೆ ತಾಳದ ಅರಿವು ಅಷ್ಟೇನೂ ದೂರದ್ದಲ್ಲ; ಪಕ್ಕದ ಸಂಗೀತ ವಿಭಾಗದ ಬಾಗಿಲು ತಟ್ಟುವುದಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ. ಡಿಲನ್‌ನ ಪ್ರವಾಸದ ಭಿತ್ತಿಪತ್ರದಲ್ಲಿ ನಮೂದಾಗಿದ್ದ ಅವಧಿ 2024ಕ್ಕೆ ಮುಗಿಯಿತು. 2025ರ ಮಾರ್ಚ್‌ನಲ್ಲಿ ಆತ ಟಲ್ಸಾದಲ್ಲಿ, ತನ್ನ ಹಸ್ತಪ್ರತಿಗಳಿರುವ ಅದೇ ಊರಿನಲ್ಲಿ, ಅವೇ ಹಾಡುಗಳನ್ನು ಮತ್ತೆ ಹಾಡಲು ನಿಂತ.